ಫ್ಲ್ಯಾಶಿನ ಬ್ಯಾಟರಿಯಲ್ಲಿ ಇನ್ನೆಷ್ಟು ಕಸುವಿದೆ?



ಕಾಲೇಜಿನ ವಾರ್ಷಿಕೋತ್ಸವದಲ್ಲೋ ಮನೆಯ ಮದುವೆಯಲ್ಲೋ ಫೋಟೋ ತೆಗೆಯುವ ಜವಾಬ್ದಾರಿ ಒಂದಲ್ಲ ಒಂದು ದಿನ ನಿಮ್ಮ ಪಾಲಿಗೆ ಬರಬಹುದು. ಕ್ಯಾಮೆರಾದ ಮೇಲೆ ಕೂರಿಸುವ ಫ್ಲ್ಯಾಶಿಗೆ ಸಾಮಾನ್ಯವಾಗಿ ನಾಲ್ಕು ಪೆನ್ಸಿಲ್ ಸೆಲ್‌ಗಳು ಬೇಕು. ಅವುಗಳಲ್ಲಿ ಇನ್ನೆಷ್ಟು ಶಕ್ತಿ ಉಳಿದಿದೆ ಎಂದು ತಿಳಿಯುವುದು ಹೇಗೆ? ಪ್ರಶ್ನೆ ಸಣ್ಣದು. ಉತ್ತರ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಮಾತ್ರ ನಾನು ಅನುಭವದಿಂದ ಬಲ್ಲೆ.

2001ರಲ್ಲಿ ನಮ್ಮ ಅಕ್ಕನ ಮದುವೆಯಾಯಿತು. ನಾನಾಗ ಬಿ.ಎಸ್ಸಿ. ವಿದ್ಯಾರ್ಥಿ. ಫ್ಲ್ಯಾಶಿನಲ್ಲಿದ್ದ ಸೆಲ್‌ಗಳು ಹಿಂದಿನ ಒಂದು ಸಮಾರಂಭದಲ್ಲಿ ಬಳಸಿದ್ದವು. ಮಲ್ಟಿಮೀಟರ್ ಹಿಡಿದು ಒಂದೊಂದನ್ನೂ ಅಳೆದೆ. ಪ್ರತಿಯೊಂದೂ 1.4 ವೋಲ್ಟ್ ತೋರಿಸಿತು. ಹೊಸ ಸೆಲ್ಲಿನದು 1.5 ತಾನೇ, ಚಿಂತೆಯಿಲ್ಲ ಎಂದುಕೊಂಡೆ. ಧಾರೆಯ ಹೊತ್ತಿಗೆ ಅಜ್ಜಿ ಮುಂದೆ ಬಂದು ವಧೂವರರ ಮೇಲೆ ಅಕ್ಷತೆ ಹಾಕಲು ಕೈಯೆತ್ತಿದರು. ಫ್ಲ್ಯಾಶಿನ ಕೆಂಪು ದೀಪ ಇನ್ನೂ ಹೊತ್ತಿರಲಿಲ್ಲ. ಕಾದು ಕಾದು ಕೊನೆಗೆ ಹಾಗೆಯೇ ಗುಂಡಿ ಒತ್ತಿದೆ. ರೀಲು ತೊಳೆಸಿದಾಗ ಆ ಚಿತ್ರದಲ್ಲಿ ಕಂಡದ್ದು ಕತ್ತಲೆ ಮತ್ತು ಒಂದು ದೀಪದ ಕುಡಿ. ಅದೇ ವರ್ಷ ಅಜ್ಜಿ ತೀರಿಕೊಂಡರು.

ಹಾಗಾದರೆ ಮಲ್ಟಿಮೀಟರ್ ಸುಳ್ಳು ಹೇಳಿತೇ? ಇಲ್ಲ. ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಕೊಟ್ಟಿಗೆಯಲ್ಲಿ ನಿಂತ ಎತ್ತನ್ನು ನೋಡಿ ಅದರ ಕಸುವು ಹೇಳಲಾಗದು. ನೊಗ ಹೊರಿಸಿದಾಗಲೇ ತಿಳಿಯುತ್ತದೆ. ಮಲ್ಟಿಮೀಟರ್ ಸೆಲ್ಲಿನಿಂದ ಹೆಚ್ಚುಕಡಿಮೆ ಪ್ರವಾಹವನ್ನೇ ಎಳೆಯುವುದಿಲ್ಲ. ಫ್ಲ್ಯಾಶ್ ಹಾಗಲ್ಲ, ಒಮ್ಮೆಲೇ ಹಲವು ಆಂಪಿಯರ್ ಎಳೆಯುತ್ತದೆ.

ಪ್ರತಿ ಸೆಲ್ಲಿಗೂ ತನ್ನದೇ ಆದ ಆಂತರಿಕ ರೋಧವಿದೆ. ಸೆಲ್ ಸವೆದಂತೆ ಈ ರೋಧ ಏರುತ್ತದೆ. ಒಂದು ಲೆಕ್ಕ ಮಾಡೋಣ. ರೋಧ 0.2 ಓಂ ಇದ್ದು 3 ಆಂಪಿಯರ್ ಹರಿದರೆ ಒಳಗೇ ಕಳೆದುಹೋಗುವುದು 0.6 ವೋಲ್ಟ್. ರೋಧ 0.4 ಓಂ ಆದರೆ ಅಷ್ಟೇ ಪ್ರವಾಹಕ್ಕೆ 1.2 ವೋಲ್ಟ್ ಕಳೆಯುತ್ತದೆ. 1.4ರಲ್ಲಿ 1.2 ಹೋದರೆ ಹೊರಗೆ ಸಿಗುವುದೇನು? ಕೇವಲ 0.2! ಹೀಗಾಗಿ ಸವೆದ ಸೆಲ್ ಅಷ್ಟು ಪ್ರವಾಹವನ್ನು ಕೊಡಲಾರದು.

ಈಗ ಫ್ಲ್ಯಾಶಿನ ಒಳಗೆ ಇಣುಕೋಣ. ನಾಲ್ಕು ಸೆಲ್‌ಗಳ 6 ವೋಲ್ಟನ್ನು ಅಲ್ಲಿನ ಮಂಡಲ ಸುಮಾರು 300 ವೋಲ್ಟಿಗೆ ಏರಿಸಿ ಒಂದು ಕೆಪಾಸಿಟರ್‌ನಲ್ಲಿ ತುಂಬುತ್ತದೆ. ಹಳೆಯ ಮಾದರಿಗಳಲ್ಲಿ ಆಗ ಕೇಳುವ ಸಣ್ಣ ಸಿಳ್ಳಿನಂಥ ಸದ್ದು ಈ ಕೆಲಸದ್ದೇ. ಗುಂಡಿ ಒತ್ತಿದಾಗ ತುಂಬಿದ ಶಕ್ತಿಯೆಲ್ಲ ಕ್ಸೆನಾನ್ ಅನಿಲದ ನಳಿಗೆಯಲ್ಲಿ ಕ್ಷಣಮಾತ್ರದಲ್ಲಿ ಬೆಳಕಾಗುತ್ತದೆ. ಮತ್ತೆ ತುಂಬಿಸುವುದು ಸೆಲ್‌ಗಳ ಕೆಲಸ. ಅವು ಸವೆದಿದ್ದರೆ ಕೆಪಾಸಿಟರ್ ನಿಧಾನವಾಗಿ ತುಂಬುತ್ತದೆ. ಆದ್ದರಿಂದ ಫ್ಲ್ಯಾಶ್ ಮತ್ತೆ ಸಿದ್ಧವಾಗಲು ಹಿಡಿಯುವ ಸಮಯವೇ ಸೆಲ್ಲಿನ ನಿಜವಾದ ಪರೀಕ್ಷೆ!

ಪರೀಕ್ಷೆಯ ಕ್ರಮ ಹೀಗೆ. ಹೊಸ ಸೆಲ್‌ಗಳನ್ನು ಹಾಕಿ. ಫ್ಲ್ಯಾಶನ್ನು ಮ್ಯಾನ್ಯುಯಲ್ ಕ್ರಮದಲ್ಲಿ ಪೂರ್ಣ ಶಕ್ತಿಗೆ ಇಡಿ. ಆಟೋ ಕ್ರಮದಲ್ಲಿ ಪ್ರತಿ ಬಾರಿ ಬೇರೆ ಬೇರೆ ಪ್ರಮಾಣದ ಶಕ್ತಿ ಖರ್ಚಾಗುವುದರಿಂದ ಹೋಲಿಕೆ ಸಾಧ್ಯವಾಗದು. ನಿಮಿಷಕ್ಕೊಂದರಂತೆ ಮೂರು ಬಾರಿ ಬೆಳಗಿಸಿ. ಮೊದಲನೆಯದನ್ನು ಲೆಕ್ಕಕ್ಕೆ ಹಿಡಿಯಬೇಡಿ. ವಿಶ್ರಾಂತಿ ಪಡೆದ ಸೆಲ್ ಮೊದಲಿಗೆ ತುಸು ಚೇತರಿಸಿಕೊಂಡಿರುತ್ತದೆ. ಉಳಿದೆರಡು ಬಾರಿ, ಬೆಳಗಿದ ಕ್ಷಣದಿಂದ ದೀಪ ಮತ್ತೆ ಹೊತ್ತುವವರೆಗೆ ಎಷ್ಟು ಸೆಕೆಂಡು ಎಂದು ಎಣಿಸಿ, ಒಂದು ಚೀಟಿಯಲ್ಲಿ ಬರೆದು ಫ್ಲ್ಯಾಶಿಗೆ ಅಂಟಿಸಿ. ಪ್ರತಿ ಸಮಾರಂಭಕ್ಕೆ ಮುನ್ನ ಹೀಗೆಯೇ ಪರೀಕ್ಷಿಸಿ. ಮೊದಲು 6 ಸೆಕೆಂಡು ಇದ್ದದ್ದು 12 ಆಗಿದ್ದರೆ ಆ ಸೆಲ್‌ಗಳನ್ನು ಗೋಡೆ ಗಡಿಯಾರಕ್ಕೆ ಹಾಕಿ. ಅಲ್ಲಿ ಅವು ಇನ್ನೂ ಬಹಳ ಕಾಲ ದುಡಿಯುತ್ತವೆ.

ಇನ್ನೊಂದು ಸೂಕ್ಷ್ಮವಿದೆ. ಅನೇಕ ಫ್ಲ್ಯಾಶ್‌ಗಳಲ್ಲಿ ಕೆಪಾಸಿಟರ್ ಪೂರ್ತಿ ತುಂಬುವ ಮೊದಲೇ ದೀಪ ಹೊತ್ತುತ್ತದೆ. ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ವೋಲ್ಟೇಜ್ ನೂರಕ್ಕೆ 80 ಇದ್ದರೆ ಶಕ್ತಿ ನೂರಕ್ಕೆ 64 ಮಾತ್ರ. ದೀಪ ಹೊತ್ತಿದ ಮೇಲೂ ಕೆಲವು ಸೆಕೆಂಡು ತಾಳಿ.

ಪದೇ ಪದೇ ಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳ ಸ್ವಭಾವವೇ ಬೇರೆ. ಅವು ಬಹುಪಾಲು ಹೊತ್ತು 1.2 ವೋಲ್ಟಿನ ಸುಮಾರಿನಲ್ಲೇ ನಿಂತು, ಕೊನೆಯಲ್ಲಿ ಥಟ್ಟನೆ ಕುಸಿಯುತ್ತವೆ. ಇಲ್ಲಿ ಸೆಕೆಂಡುಗಳ ಎಣಿಕೆ ಮುನ್ಸೂಚನೆ ಕೊಡುವುದು ಕಡಿಮೆ. ಎಷ್ಟು ಬಾರಿ ಬೆಳಗಿಸಿದಿರಿ ಎಂಬ ಲೆಕ್ಕ ಇಡಿ, ಸಮಾರಂಭದ ಹಿಂದಿನ ರಾತ್ರಿ ಚಾರ್ಜ್ ಮಾಡಿ. ಹೊಸದು ಹಳೆಯದನ್ನು ಎಂದೂ ಬೆರೆಸಬೇಡಿ. ಸರಣಿಯಲ್ಲಿ ಜೋಡಿಸಿದ ನಾಲ್ಕರಲ್ಲಿ ದುರ್ಬಲವಾದದ್ದೇ ಉಳಿದ ಮೂರನ್ನೂ ಹಿಡಿದು ನಿಲ್ಲಿಸುತ್ತದೆ.

ಕುತೂಹಲದಿಂದ ಫ್ಲ್ಯಾಶನ್ನು ಬಿಚ್ಚಲು ಮಾತ್ರ ಹೋಗಬೇಡಿ. ಸೆಲ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ನಿಮಗೆ ಬೇಕಾದ ಉತ್ತರ ಹೊರಗಿನಿಂದಲೇ ಸಿಗುತ್ತದೆ. ಅದಕ್ಕೆ ಸೆಕೆಂಡಿನ ಮುಳ್ಳಿರುವ ಒಂದು ಕೈಗಡಿಯಾರ ಸಾಕು.

ಅಕ್ಕನ ಮದುವೆಯ ಆಲ್ಬಮ್ಮಿನಲ್ಲಿ ಅಜ್ಜಿಯ ಜಾಗ ಇಂದಿಗೂ ಖಾಲಿ ಇದೆ. ನಿಮ್ಮ ಮನೆಯ ಆಲ್ಬಮ್ಮಿನಲ್ಲಿ ಹಾಗಾಗದಿರಲಿ.