ನನ್ನ ಬದುಕಿನ ಎರಡು ಕೋರ್ಟ್ ಆದೇಶಗಳು

ಇವತ್ತು ನನ್ನದೇ ಕಥೆ ಹೇಳ್ತೀನಿ. ಹೆಸರುಗಳನ್ನ ಮಾತ್ರ ಹೇಳೋದಿಲ್ಲ. ನನ್ನ ಜೊತೆ ಬಾಳಿದವರಿಗೂ ಅವರದ್ದೇ ಒಂದು ಬದುಕಿದೆ.

ನನ್ನ ಹತ್ತಿರ ಎರಡು ಕೋರ್ಟ್ ಆದೇಶಗಳಿವೆ. ಒಂದು 1993ರದ್ದು. ಹತ್ತು ತಿಂಗಳ ಹೆಣ್ಣುಮಗುವನ್ನು ದಾವಣಗೆರೆಯ ದಂಪತಿಗೆ ದತ್ತು ಕೊಡಲು ಅನುಮತಿ ನೀಡಿದ ಆದೇಶ. ಆ ಮಗು ನಾನು. ಈಗಾದ್ರೆ ಬಾಲನ್ಯಾಯ ಕಾಯ್ದೆಯಡಿ ಇಂಥ ಆದೇಶವನ್ನ ಜಿಲ್ಲಾಧಿಕಾರಿ ಕೊಡ್ತಾರೆ, 2022ರ ಸೆಪ್ಟೆಂಬರ್‌ನಿಂದ. ನನ್ನ ಕಾಲಕ್ಕೆ ಕೋರ್ಟೇ ಕೊಡಬೇಕಿತ್ತು. ಇನ್ನೊಂದು ಆದೇಶ 2023ರದ್ದು, ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದ್ದು. ನನ್ನ ಐದು ವರ್ಷದ ಮದುವೆ ಮುಗೀತು ಅಂತ ಹೇಳೋ ಕಾಗದ. ಇವೆರಡಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಡಿವೋರ್ಸ್ ಶುರುವಾಗೋವರೆಗೆ ನನಗೂ ಗೊತ್ತಿರಲಿಲ್ಲ.

ನಾನು ದತ್ತು ಮಗಳು ಅಂತ ಅಮ್ಮ ಹೇಳಿದ್ದು ನನಗೆ ಒಂಬತ್ತು ವರ್ಷ ಇದ್ದಾಗ. ಇಬ್ಬರೂ ಅಡುಗೆಮನೇಲಿ ಕೂತು ಅವರೆಕಾಯಿ ಬಿಡಿಸ್ತಾ ಇದ್ವಿ. "ನೀನು ನನ್ನ ಹೊಟ್ಟೇಲಿ ಹುಟ್ಟಿಲ್ಲ, ನಾವೇ ಹೋಗಿ ನಿನ್ನ ಕರ್ಕೊಂಡು ಬಂದ್ವಿ" ಅಂದ್ರು. ನಾನು ಕೇಳಿದ್ದು ಒಂದೇ ಪ್ರಶ್ನೆ. "ವಾಪಸ್ ಕೊಟ್ಬಿಡ್ತೀರಾ?" ಅಮ್ಮ ನಕ್ಕು ಹತ್ತಿರ ಎಳ್ಕೊಂಡ್ರು. ಅವರ ಪ್ರಕಾರ ಅಲ್ಲಿಗೆ ಉತ್ತರ ಕೊಟ್ಟಾಯ್ತು. ನನ್ನೊಳಗೆ ಆ ಪ್ರಶ್ನೆ ಹಾಗೇ ಕೂತಿತ್ತು.

ಅವತ್ತಿಂದ ನಾನು ತುಂಬಾ ಒಳ್ಳೇ ಹುಡುಗಿ ಆದೆ. ಹಟ ಮಾಡಲಿಲ್ಲ, ಎದುರು ಮಾತಾಡಲಿಲ್ಲ. ಮದುವೆ ಆದ ಮೇಲೂ ಅದೇ ಅಭ್ಯಾಸ.

ನಮ್ಮ ಮದುವೇಲಿ ವಿಲನ್ ಯಾರೂ ಇರಲಿಲ್ಲ. ಎರಡನೇ ವರ್ಷಕ್ಕೇ ಮಾತು ಕಡಿಮೆಯಾಯ್ತು, ಆಮೇಲೆ ನಿಂತೇ ಹೋಯ್ತು. ಬೇರೆ ಯಾರಾದ್ರೂ ಆಗಿದ್ರೆ ಜಗಳ ಆಡಿ, ಅತ್ತು, ಏನೋ ಒಂದು ತೀರ್ಮಾನಕ್ಕೆ ಬರ್ತಿದ್ರು. ನನಗೆ ಜಗಳ ಅಂದ್ರೇ ಭಯ. ಜಗಳ ಆದ್ರೆ ಯಾರನ್ನೋ ಮನೆಯಿಂದ ಕಳಿಸ್ತಾರೆ ಅನ್ನೋದು ನನ್ನ ಲೆಕ್ಕ. ಅವರು ಎರಡು ಸಲ ಫೋನ್ ಎತ್ತಲಿಲ್ಲ ಅಂದ್ರೆ ನಾನು ಬೀರು ತೆಗೆದು ಅವರ ಬಟ್ಟೆ ಇದ್ಯಾ ಅಂತ ನೋಡ್ತಿದ್ದೆ. ಅದೇ ಹೊತ್ತಿಗೆ ಮಂಚದ ಕೆಳಗೆ ನನ್ನದೊಂದು ಬ್ಯಾಗ್ ರೆಡಿ ಇತ್ತು. ನಾಲ್ಕು ಜೊತೆ ಬಟ್ಟೆ, ಮಾರ್ಕ್ಸ್ ಕಾರ್ಡು, ಆಧಾರ್. ಯಾರಾದ್ರೂ ಹೋಗು ಅನ್ನೋ ಮೊದಲೇ ನಾನೇ ಹೊರಟುಬಿಡಬೇಕು ಅಂತ. ಬಿಟ್ಟು ಹೋಗಬೇಡಿ ಅಂತ ಒಳಗೊಳಗೇ ಬೇಡ್ಕೊಳ್ತಾ, ಹೊರಡೋಕೂ ತಯಾರಾಗಿ ಇದ್ದೆ. ಹಾಗೇ ಮೂರೂವರೆ ವರ್ಷ ಕಳೀತು.

ದತ್ತು ಮಕ್ಕಳೆಲ್ಲ ಹೀಗೇ ಇರ್ತಾರೆ ಅಂತ ದಯವಿಟ್ಟು ಅಂದ್ಕೋಬೇಡಿ. ನಾನು ಹೇಳ್ತಿರೋದು ನನ್ನೊಬ್ಬಳ ವಿಷಯ.

2022ರ ಶುರುವಲ್ಲಿ ನಾವಿಬ್ಬರೂ ಮಾತಾಡ್ಕೊಂಡು ಬೇರೆಯಾದ್ವಿ. ಅವರ ಕಡೆ ಹಿರಿಯರೊಬ್ಬರು ನನ್ನೆದುರೇ ಹೇಳಿದ್ರು, "ಯಾರ ಮಗಳೋ ಏನೋ, ಸಂಸಾರದ ಬೆಲೆ ಎಲ್ಲಿ ಗೊತ್ತಿರುತ್ತೆ?" ಡಿವೋರ್ಸ್ ಆದ ಹುಡುಗಿಯರಿಗೆಲ್ಲ ಮಾತು ಬರುತ್ತೆ. ಕೆಲಸಕ್ಕೆ ಹೋಗಿದ್ದಕ್ಕೆ, ಅಡ್ಜಸ್ಟ್ ಆಗದ್ದಕ್ಕೆ ಅಂತ ಏನೋ ಒಂದು ಕಾರಣ ಹುಡುಕ್ತಾರೆ. ನನ್ನ ವಿಷಯದಲ್ಲಿ ಮಾತು ಸೀದಾ ಹುಟ್ಟಿಗೇ ಹೋಯ್ತು. ನನಗೇ ಗೊತ್ತಿಲ್ಲದ ಹುಟ್ಟಿಗೆ. ನಾನು ಏನಂತ ಉತ್ತರ ಕೊಡಲಿ?

ಅಪ್ಪ ಅಮ್ಮಂಗೆ ಏಳು ತಿಂಗಳು ಹೇಳಲಿಲ್ಲ. "ನಮ್ಮನೇಲಿ ನಾನೇ ಹೇಳ್ತೀನಿ" ಅಂತ ಎಲ್ಲರ ಬಾಯಿ ಮುಚ್ಚಿಸಿದ್ದೆ. ಒಂದು ಸಿಂಗಲ್ ರೂಮ್ ಬಾಡಿಗೆಗೆ ಹಿಡಿದೆ. ಆ ಬ್ಯಾಗ್ ಅಲ್ಲೂ ಬಿಚ್ಚಲಿಲ್ಲ. ಅಮ್ಮ ವಿಡಿಯೋ ಕಾಲ್ ಮಾಡಿದಾಗ ಖಾಲಿ ಗೋಡೆ ಹಿಂದೆ ಕೂತ್ಕೊಂಡು, "ಅವರು ಆಫೀಸಲ್ಲಿದ್ದಾರೆ" ಅಂತಿದ್ದೆ. ಬೇರೆ ಹೆಣ್ಣುಮಕ್ಕಳಿಗೆ ತವರಿಗೆ ಹೋಗೋದು ಕಷ್ಟ ಇರಬಹುದು, ಅವಮಾನ ಅನ್ನಿಸಬಹುದು. ನನಗೆ ಅನ್ನಿಸಿದ್ದು ಬೇರೆ. ಒಂದು ಸಲ ನನ್ನ ಕರ್ಕೊಂಡು ಬಂದಿದ್ದಾರೆ. ಎರಡನೇ ಸಲ ಕರ್ಕೊಂಡು ಹೋಗಿ ಅಂತ ಯಾವ ಬಾಯಲ್ಲಿ ಕೇಳೋದು?

ವಕೀಲರ ಹತ್ತಿರ ಹೋದೆ. ಅವರು ಹಿಂದೂ ವಿವಾಹ ಕಾಯ್ದೆಯ 13ಬಿ ಬಗ್ಗೆ ವಿವರಿಸಿದ್ರು. ಇಬ್ಬರ ಒಪ್ಪಿಗೆಯ ವಿಚ್ಛೇದನ, ಒಂದು ವರ್ಷ ಬೇರೆ ಇರಬೇಕು, ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ ಆರು ತಿಂಗಳು ಕಾಯಬೇಕು, ಹೀಗೆ. ಎಲ್ಲ ಕೇಳಿ ಮುಗಿಸಿ ನಾನು ಒಂದು ಪೆದ್ದು ಪ್ರಶ್ನೆ ಕೇಳಿದೆ. "ಮೇಡಂ, ಅಪ್ಪ ಅಮ್ಮಂಗೆ ಕೋಪ ಬಂದ್ರೆ ದತ್ತು ಕ್ಯಾನ್ಸಲ್ ಮಾಡಬಹುದಾ?"

ಅವರು ನಗಲಿಲ್ಲ. ಪುಸ್ತಕ ತೆಗೆದು ತೋರಿಸಿದ್ರು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ, ಸೆಕ್ಷನ್ 15. ಕ್ರಮಬದ್ಧವಾಗಿ ಆದ ದತ್ತನ್ನು ತಂದೆ ತಾಯಿಯಾಗಲಿ, ಬೇರೆ ಯಾರೇ ಆಗಲಿ ರದ್ದು ಮಾಡೋ ಹಾಗಿಲ್ಲ. ದತ್ತು ಹೋದ ಮಗು ಕೂಡ ಅದನ್ನ ಬಿಟ್ಟು ಹುಟ್ಟಿದ ಮನೆಗೆ ವಾಪಸ್ ಹೋಗೋ ಹಾಗಿಲ್ಲ. ಮದುವೆಗೆ ಕಾನೂನಲ್ಲಿ ಹೊರಗೆ ಬರೋ ದಾರಿ ಇದೆ. ನಾನು ಅಪ್ಪ ಅಮ್ಮನ ಮಗಳಾಗಿರೋದಕ್ಕೆ ಅಂಥ ದಾರಿ ಇಲ್ಲ. ಒಂಬತ್ತನೇ ವಯಸ್ಸಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಮೂವತ್ತಾಗೋ ಹೊತ್ತಿಗೆ ಒಂದು ಕಾನೂನು ಪುಸ್ತಕದಲ್ಲಿ ಸಿಕ್ತು. ಅಲ್ಲೇ ಕೂತು ಅತ್ತುಬಿಟ್ಟೆ.

ಅವತ್ತು ರಾತ್ರಿ ಫೋನ್ ಮಾಡಿ ಎಲ್ಲ ಹೇಳಿದೆ. ಅಮ್ಮ ಸಮಾಧಾನ ಮಾಡ್ತಾರೆ ಅಂದ್ಕೊಂಡಿದ್ದೆ. ಅವರು ಬೈದ್ರು. "ಏಳು ತಿಂಗಳು ಮುಚ್ಚಿಟ್ಯಾ? ನಮ್ಮನ್ನ ಏನಂತ ತಿಳ್ಕೊಂಡಿದೀಯ?" ನಾನೂ ಕೂಗಾಡಿದೆ, ಜೀವನದಲ್ಲಿ ಮೊದಲ ಸಲ. ಅಮ್ಮ ಫೋನ್ ಇಟ್ರು. ಎರಡು ದಿನ ಮಾತಿಲ್ಲ. ಮುಗೀತು ಅಂದ್ಕೊಂಡೆ.

ಮೂರನೇ ದಿನ ಬೆಳಗ್ಗೆ ಇಬ್ಬರೂ ನನ್ನ ರೂಮಿನ ಬಾಗಿಲಲ್ಲಿದ್ರು. ಅಮ್ಮನ ಕೋಪ ಇಳಿದಿರಲಿಲ್ಲ, ಮುಖ ಕೊಟ್ಟು ಮಾತಾಡಲಿಲ್ಲ. ಮೂಲೇಲಿದ್ದ ಬ್ಯಾಗ್ ನೋಡಿದ್ರು. ಏನೂ ಕೇಳದೆ ಜಿಪ್ ಎಳೆದು, ಬಟ್ಟೆ ಒಂದೊಂದಾಗಿ ಮಡಚಿ ಶೆಲ್ಫಲ್ಲಿ ಇಟ್ಟು, "ಊರಿಗೆ ಬರಬೇಕು ಅನ್ನಿಸಿದಾಗ ಬಾ" ಅಂದ್ರು. ಜಗಳ ಆಗಿತ್ತು. ಯಾರೂ ಯಾರನ್ನೂ ಕಳಿಸಿರಲಿಲ್ಲ.

ಕೊನೇ ದಿನ ಕೋರ್ಟಲ್ಲಿ ನ್ಯಾಯಾಧೀಶರು ಕೇಳಿದ್ರು, "ಇದು ನಿಮ್ಮ ಸ್ವಇಚ್ಛೆಯಿಂದ ತಾನೇ?" ಎಲ್ಲರನ್ನೂ ಕೇಳೋ ಪ್ರಶ್ನೆ ಅದು. ಆದ್ರೆ ಹತ್ತು ತಿಂಗಳ ನನ್ನನ್ನ ಯಾರೂ ಹಾಗೆ ಕೇಳೋಕೆ ಸಾಧ್ಯ ಇರಲಿಲ್ಲ. ಈ ಸಲ ಕೇಳಿದ್ರು, ನಾನು ಉತ್ತರ ಕೊಟ್ಟೆ.

ನೋವು ಪೂರ್ತಿ ಹೋಗಿಲ್ಲ. ಈಗಲೂ ಯಾರಾದ್ರೂ ಮೆಸೇಜಿಗೆ ಉತ್ತರ ಕೊಡದಿದ್ರೆ ಎದೆ ಡವಡವ ಅನ್ನುತ್ತೆ. ಕೌನ್ಸೆಲಿಂಗ್‌ಗೆ ಹೋಗ್ತಾ ಇದೀನಿ. ನಿಮಗೂ ಮಾತಾಡಬೇಕು ಅನ್ನಿಸಿದ್ರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416, ಉಚಿತ, ಕನ್ನಡದಲ್ಲೂ ಮಾತಾಡ್ತಾರೆ. ಇನ್ನು, ನಿಮಗೆ ಗೊತ್ತಿರೋ ದತ್ತು ಮಗು ಯಾರಾದ್ರೂ ಇದ್ರೆ, "ಸಾಕಿದವರ ಋಣ ತೀರಿಸು" ಅಂತ ಮಾತ್ರ ಹೇಳಬೇಡಿ. ಆ ಮಾತು ಹೊತ್ಕೊಂಡೇ ನಾನು ಏಳು ತಿಂಗಳು ಖಾಲಿ ಗೋಡೆ ಮುಂದೆ ಕೂತಿದ್ದೆ.