ಹಳೆಯ ಕಟ್ಟಡದ ಬೆಲೆ ಎಷ್ಟು?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಸಾಫ್ಟ್‌ವೇರ್ ಕೆಲಸ ಮಾಡುವವನು. ಅರ್ಥಶಾಸ್ತ್ರ ಓದಿದವನಲ್ಲ. ಆದರೂ ಇವತ್ತು ಹಳೆಯ ಕಟ್ಟಡಗಳ ಲೆಕ್ಕಾಚಾರದ ಬಗ್ಗೆ ಮಾತಾಡಲು ನಿಂತಿದ್ದೇನೆ. ಅದಕ್ಕೆ ಕಾರಣ ನಾನೇ ಮಾಡಿದ ಒಂದು ತಪ್ಪು.

ಸುವರ್ಣ ಮಹೋತ್ಸವದ ನೆನಪಿಗೆ ಏನು ಮಾಡಬೇಕೆಂದು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಚರ್ಚೆ ನಡೆದದ್ದು ನಿಮಗೆ ಗೊತ್ತು. ಮೊದಲು ಕಟ್ಟಿದ ಹೆಂಚಿನ ಕೊಠಡಿಗಳನ್ನು ಕೆಡವಿ ಅಲ್ಲಿ ಆರ್‌ಸಿಸಿ ಕಟ್ಟಡ ಎಬ್ಬಿಸೋಣ ಎಂದು ಕೆಲವರು, ಬೇಡ, ರಿಪೇರಿ ಮಾಡಿಸೋಣ ಎಂದು ಕೆಲವರು. ನಾನು ರಾತ್ರಿ ಕುಳಿತು ಎಕ್ಸೆಲ್ ಹಾಳೆಯಲ್ಲಿ ಲೆಕ್ಕ ಹಾಕಿ ಕಳಿಸಿದೆ. ಕೆಡವುವುದೇ ಲಾಭ ಎಂದು ತೋರಿಸಿದೆ. ಬಹಳ ಜನ ಮೆಚ್ಚಿ ಹೆಬ್ಬೆರಳು ಎತ್ತಿದರು. ಮರುದಿನ ನಮ್ಮ ಗಣಿತದ ಮೇಷ್ಟ್ರು ಫೋನ್ ಮಾಡಿದರು. "ಲೆಕ್ಕ ಸರಿಯಾಗಿದೆ ಕಣಪ್ಪ. ಆದರೆ ಖರ್ಚಿನ ಕಡೆ ಇಷ್ಟುದ್ದ ಬರೆದಿದ್ದೀಯ. ಉಳಿಸಿಕೊಂಡರೆ ಏನು ಸಿಗುತ್ತೆ ಅನ್ನೋ ಕಡೆ ಸೊನ್ನೆ ಹಾಕಿದ್ದೀಯ. ಅದು ಸೊನ್ನೆ ಅಂತ ನಿನಗೆ ಹೇಳಿದವರು ಯಾರು?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಆ ಉತ್ತರ ಹುಡುಕುತ್ತಾ ಓದಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ನಮಗೆಲ್ಲ ಗೊತ್ತಿರುವ ಜಾಗಕ್ಕೆ ಹೋಗೋಣ. ಮೈಸೂರಿನ ದೇವರಾಜ ಮಾರುಕಟ್ಟೆ. ನಮ್ಮೂರಿನ ವೀಳ್ಯದೆಲೆಯೂ ಹೂವೂ ಮೊದಲ ಬಸ್ಸಿನಲ್ಲಿ ಹೋಗಿ ಇಳಿಯುತ್ತಿದ್ದದ್ದು ಅಲ್ಲಿಗೆ. ಚಿಕ್ಕ ಗಡಿಯಾರದಿಂದ ಧನ್ವಂತರಿ ರಸ್ತೆಯವರೆಗೆ ಹಬ್ಬಿದ, ನೂರು ವರ್ಷಕ್ಕೂ ಹಳೆಯ, ಎಂಟುನೂರಕ್ಕೂ ಹೆಚ್ಚು ಮಳಿಗೆಗಳ ಮಾರುಕಟ್ಟೆ ಅದು. ದಸರಾ ಜಂಬೂ ಸವಾರಿ ಹೋಗುವ ಸಯ್ಯಾಜಿರಾವ್ ರಸ್ತೆ ಅದರ ಮಗ್ಗುಲಲ್ಲೇ ಇದೆ. ಅಲ್ಲೇ ಹತ್ತಿರ ಲ್ಯಾನ್ಸ್‌ಡೌನ್ ಕಟ್ಟಡ. 1892ರಲ್ಲಿ ವೈಸ್‌ರಾಯ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗೆ ಕಟ್ಟಿದ್ದು. ಎಸ್ಸೆಸ್ಸೆಲ್ಸಿ ಮುಗಿಸಿದ ನಮ್ಮಲ್ಲಿ ಎಷ್ಟೋ ಜನ ಪಿಯುಸಿ ಪುಸ್ತಕಗಳನ್ನು ಅರ್ಧ ಬೆಲೆಗೆ ತಂದದ್ದು ಅಲ್ಲಿಯ ಹಳೆಯ ಪುಸ್ತಕದ ಅಂಗಡಿಗಳಿಂದ.

2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿಯಿತು. ನಾಲ್ವರು ತೀರಿಕೊಂಡರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಹೆಬ್ಬಾಗಿಲ ಭಾಗ, ದುರಸ್ತಿ ನಡೆಯುತ್ತಿರುವಾಗಲೇ ಬಿತ್ತು. ಅಲ್ಲಿಂದ ಶುರುವಾಯಿತು ವಾದ. ದುರಸ್ತಿ ಮಾಡಬಹುದು ಎಂದು ಪರಂಪರೆಯ ತಜ್ಞರು, ಕೆಡವಿ ಅದೇ ರೂಪದಲ್ಲಿ ಮತ್ತೆ ಕಟ್ಟಬೇಕು ಎಂದು ಇನ್ನೊಂದು ತಜ್ಞರ ವರದಿ. ವಿಷಯ ನ್ಯಾಯಾಲಯಕ್ಕೂ ಹೋಯಿತು. ಕೆಡವುವ ತೀರ್ಮಾನವನ್ನು ಹೈಕೋರ್ಟ್ 2023ರಲ್ಲಿ ಎತ್ತಿಹಿಡಿಯಿತು. ಯಾರು ಸರಿ ಎಂದು ಹೇಳುವ ಇಂಜಿನಿಯರ್ ನಾನಲ್ಲ. ನಾನು ಗಮನಿಸಿದ್ದು ಒಂದೇ. ಇಷ್ಟು ವರ್ಷ ಮಾತೆಲ್ಲ ಗೋಡೆಯ ಗಟ್ಟಿತನದ ಸುತ್ತಲೇ ನಡೆಯಿತು. ಆ ಗೋಡೆಗಳ ನಡುವೆ ನಡೆಯುವ ಬದುಕಿಗೆ ಏನು ಬೆಲೆ ಎಂಬ ಲೆಕ್ಕ ನಮ್ಮಂಥ ಜನರ ಕಿವಿಗೆ ಬೀಳಲೇ ಇಲ್ಲ.

ಹಾಗಾದರೆ ಇಂಥದ್ದಕ್ಕೆ ಬೆಲೆ ಕಟ್ಟುವುದು ಹೇಗೆ? ಮಾರುಕಟ್ಟೆಯಲ್ಲಿ ಮಲ್ಲಿಗೆಗೆ ಮಾರಿಗೆ ಇಷ್ಟು ಎಂದು ಬೆಲೆ ಇದೆ. ಮಾರುಕಟ್ಟೆಯ ಕಮಾನಿಗೆ ಬೆಲೆ ಎಲ್ಲಿದೆ? ಅರ್ಥಶಾಸ್ತ್ರಜ್ಞರು ಇದಕ್ಕೆ ಕೆಲವು ದಾರಿ ಕಂಡುಕೊಂಡಿದ್ದಾರೆ.

ಒಂದು, ಪ್ರಯಾಣದ ಖರ್ಚಿನ ದಾರಿ. 1947ರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆಗೆ ಹೆರಾಲ್ಡ್ ಹೋಟೆಲಿಂಗ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಒಂದು ಪತ್ರದಲ್ಲಿ ಸೂಚಿಸಿದರು. ಒಂದು ಜಾಗ ನೋಡಲು ಎಷ್ಟು ದೂರದಿಂದ ಎಷ್ಟು ಜನ ಬರುತ್ತಾರೆ, ಬರಲು ಎಷ್ಟು ಖರ್ಚು ಮಾಡುತ್ತಾರೆ ಎಂದು ಎಣಿಸಿದರೆ ಆ ಜಾಗ ಅವರಿಗೆ ಎಷ್ಟು ಬೆಲೆಯದು ಎಂಬ ಅಂದಾಜು ಸಿಗುತ್ತದೆ. ಜಾತ್ರೆಗೆ ಬರುವವರನ್ನು ನೆನೆಯಿರಿ. ದೇವಸ್ಥಾನದಲ್ಲಿ ಟಿಕೆಟ್ ಇಲ್ಲ. ಆದರೆ ಬಸ್ಸಿನ ದುಡ್ಡು, ಒಂದು ದಿನದ ಕೂಲಿ, ಇವನ್ನೆಲ್ಲ ಬಿಟ್ಟು ಬರುತ್ತಾರಲ್ಲ, ಅದೇ ಅವರು ಕೊಟ್ಟ ಬೆಲೆ.

ಎರಡು, ಮನೆ ಬೆಲೆಯ ದಾರಿ. ಒಂದೇ ಅಳತೆಯ ಎರಡು ಸೈಟುಗಳಿವೆ ಎನ್ನಿ. ಒಂದು ಚೆನ್ನಾಗಿ ಉಳಿಸಿಕೊಂಡ ಹಳೆಯ ಬೀದಿಯಲ್ಲಿ, ಇನ್ನೊಂದು ಅಂಥದ್ದೇನೂ ಇಲ್ಲದ ಕಡೆ. ಬೇರೆಲ್ಲ ಸೌಕರ್ಯ ಒಂದೇ ಆಗಿದ್ದೂ ಬೆಲೆಯಲ್ಲಿ ವ್ಯತ್ಯಾಸವಿದ್ದರೆ ಅದು ಆ ಬೀದಿಯ ಬೆಲೆ.

ಮೂರು, ನೇರವಾಗಿ ಕೇಳುವುದು. ಇದನ್ನು ಉಳಿಸಲು ನೀವು ಎಷ್ಟು ಕೊಡುತ್ತೀರಿ? ಇದಕ್ಕೆ ಮೊರಾಕ್ಕೊ ದೇಶದ ಫೆಜ್ ನಗರದ ಕಥೆ ಕೇಳಿ. ಅಲ್ಲಿಯ ಕೋಟೆಯೊಳಗಿನ ಹಳೆಯ ಊರು ಸುಮಾರು 1200 ವರ್ಷದ್ದು. ಓಣಿಗಳು ಎಷ್ಟು ಇಕ್ಕಟ್ಟೆಂದರೆ ಕಾರು ಹೋಗುವುದಿಲ್ಲ, ಇಂದಿಗೂ ಸಾಮಾನು ಹೊರುವುದು ಕತ್ತೆಗಳು. ಚರ್ಮ ಹದ ಮಾಡುವವರು, ತಾಮ್ರದ ಪಾತ್ರೆ ಬಡಿಯುವವರು ಅಲ್ಲೇ ದುಡಿಯುತ್ತಾರೆ. 1981ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆದರೆ ಮನೆಗಳು ಬೀಳುತ್ತಿದ್ದವು. ಅದನ್ನು ಸರಿಪಡಿಸಲು ವಿಶ್ವ ಬ್ಯಾಂಕ್ ಸಾಲ ಕೊಡುವ ಮೊದಲು, 1997ರಲ್ಲಿ ಮೊರಾಕ್ಕೊಗೆ ಬಂದ ಪ್ರವಾಸಿಗಳನ್ನು ಕೇಳಿದರು: ಫೆಜ್ ಉಳಿಸಲು ಒಂದು ಶುಲ್ಕ ಹಾಕಿದರೆ ಎಷ್ಟು ಕೊಡುತ್ತೀರಿ? ಫೆಜ್ ನೋಡಲು ಬಂದವರ ಉತ್ತರ ಸರಾಸರಿ 70 ಡಾಲರ್‌ನಷ್ಟಿತ್ತು. ಮೊರಾಕ್ಕೊಗೆ ಬಂದರೂ ಫೆಜ್‌ಗೆ ಹೋಗದವರು ಕೂಡ 30 ಡಾಲರ್‌ನಷ್ಟು ಕೊಡುತ್ತೇವೆ ಎಂದರು. ವರ್ಷಕ್ಕೆ ಒಟ್ಟು ಮಾಡಿದಾಗ ನೋಡಿದವರಿಂದ ಸುಮಾರು 1.1 ಕೋಟಿ ಡಾಲರ್, ನೋಡದವರಿಂದ ಸುಮಾರು 4.7 ಕೋಟಿ ಡಾಲರ್. ಮರುವರ್ಷ ವಿಶ್ವ ಬ್ಯಾಂಕ್ ಮಂಜೂರು ಮಾಡಿದ ಸಾಲ 1.4 ಕೋಟಿ ಡಾಲರ್.

ಸ್ನೇಹಿತರೇ, ಇಲ್ಲಿ ಸ್ವಲ್ಪ ನಿಲ್ಲಿ. ಕಣ್ಣಲ್ಲಿ ನೋಡದವರ ಪಾಲೇ ಹೆಚ್ಚು! ಯಾಕೆ? ಅದು ಇರಲಿ ಎಂಬ ಆಸೆಗೂ ಒಂದು ಬೆಲೆ ಇದೆ. ಮುಂದೆ ಎಂದಾದರೂ ಹೋಗಬಹುದು, ನಾವಲ್ಲದಿದ್ದರೆ ಮಕ್ಕಳು ನೋಡಬಹುದು ಎಂಬುದಕ್ಕೂ ಬೆಲೆ ಇದೆ. ನನ್ನ ಎಕ್ಸೆಲ್ ಹಾಳೆಯಲ್ಲಿ ಸೊನ್ನೆ ಇದ್ದದ್ದು ಈ ಜಾಗದಲ್ಲೇ. ದುಬೈಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ವರ್ಷಗಟ್ಟಲೆ ಊರಿಗೆ ಬಾರದ ನಮ್ಮ ಹಳೆಯ ವಿದ್ಯಾರ್ಥಿ ಈ ಮಹೋತ್ಸವಕ್ಕೆ ಹಣ ಕಳಿಸಿದ್ದಾನಲ್ಲ, ಅವನು ಕಳಿಸಿದ್ದೂ ಇದೇ ಲೆಕ್ಕದಲ್ಲಿ.

ಆದರೆ ಈ ಲೆಕ್ಕಗಳಲ್ಲಿ ಕುಂದೂ ಇವೆ. ಕೊಡುತ್ತೇನೆ ಎಂದು ಬಾಯಲ್ಲಿ ಹೇಳುವುದು ಬೇರೆ, ಜೇಬಿನಿಂದ ತೆಗೆಯುವುದು ಬೇರೆ. ಇನ್ನೂ ದೊಡ್ಡ ಕುಂದು, ಯಾರನ್ನು ಕೇಳಿದರು ಎಂಬುದು. ಫೆಜ್‌ನಲ್ಲಿ ಆ ಪ್ರಶ್ನೆ ಕೇಳಿದ್ದು ಪ್ರವಾಸಿಗಳನ್ನು. ಓಣಿಯಲ್ಲಿ ಬದುಕುವವರ ಸುಖದುಃಖ ಆ ಅಂಕಿಯಲ್ಲಿಲ್ಲ. ಹಳೆಯ ಬೀದಿ ಚೆಂದವಾದ ಮೇಲೆ ಬಾಡಿಗೆ ಏರುತ್ತದೆ, ಮೊದಲಿದ್ದವರು ಜಾಗ ಖಾಲಿ ಮಾಡುತ್ತಾರೆ. ಇದು ಜಗತ್ತಿನ ಎಷ್ಟೋ ಊರುಗಳಲ್ಲಿ ಆಗಿದೆ. ಫೆಜ್‌ನಲ್ಲೂ ಹಳೆಯ ಮನೆಗಳನ್ನು ಹೊರದೇಶದವರು ಕೊಂಡು ಅತಿಥಿಗೃಹ ಮಾಡಿಕೊಂಡರು. ಒಟ್ಟು ಲಾಭ ನಷ್ಟಕ್ಕಿಂತ ಹೆಚ್ಚಿದೆ ಎಂದು ಕಾಗದ ಹೇಳಬಹುದು. ಆದರೆ ಲಾಭ ಒಬ್ಬನ ಮನೆಗೆ, ನಷ್ಟ ಇನ್ನೊಬ್ಬನ ಮನೆಗೆ ಹೋದರೆ ಆ ಮೊತ್ತಕ್ಕೆ ಅರ್ಥವೇನು? ದೇವರಾಜ ಮಾರುಕಟ್ಟೆ ಉಳಿಯಲಿ, ಹೊಸದಾಗಲಿ, ಬೆಳಗಿನ ಜಾವ ಎಲೆ ಕಟ್ಟು ಹೊತ್ತು ಹೋಗುವ ನಮ್ಮೂರಿನ ರೈತನಿಗೆ, ಒಂದು ಬುಟ್ಟಿ ಹೂವಿಟ್ಟು ಕೂರುವ ಅಮ್ಮನಿಗೆ ಅಲ್ಲಿ ಜಾಗವಿರುತ್ತದೆಯೇ ಎಂಬುದು ಲೆಕ್ಕದ ಮೊದಲ ಸಾಲಾಗಬೇಕು.

ಇನ್ನೊಂದು ವಿಷಯ ಕಾಲದ್ದು. ಇದನ್ನು ಮಕ್ಕಳು ಗಮನವಿಟ್ಟು ಕೇಳಿ, ಚಕ್ರಬಡ್ಡಿ ನೀವು ಕಲಿತಿದ್ದೀರಿ. ಯೋಜನೆಗಳ ಲೆಕ್ಕದಲ್ಲಿ ಚಕ್ರಬಡ್ಡಿಯನ್ನು ಹಿಂದುಮುಂದಾಗಿ ಬಳಸುತ್ತಾರೆ. ಮುಂದೆ ಸಿಗುವ ಹಣಕ್ಕೆ ಇವತ್ತಿನ ಬೆಲೆ ಎಷ್ಟು ಎಂದು. 50 ವರ್ಷದ ನಂತರ ಸಿಗುವ 100 ರೂಪಾಯಿಗೆ ಶೇಕಡ 10ರ ದರದಲ್ಲಿ ಇವತ್ತಿನ ಬೆಲೆ ಸುಮಾರು 85 ಪೈಸೆ. ಶೇಕಡ 4 ಹಾಕಿದರೆ ಸುಮಾರು 14 ರೂಪಾಯಿ. ದರ ಒಂದನ್ನು ಬದಲಿಸಿದರೆ ಸಾಕು, ಉತ್ತರವೇ ಬದಲಾಗುತ್ತದೆ. ನಾನು ನನ್ನ ಹಾಳೆಯಲ್ಲಿ ಹಾಕಿದ್ದು 10. ಯಾಕೆಂದು ಯಾರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಐವತ್ತು ವರ್ಷದ ಹಿಂದೆ ಈ ಊರಿನ ಹಿರಿಯರು ಗಾಡಿಯಲ್ಲಿ ಕಲ್ಲು ಹೇರಿ, ಮನೆಮನೆಯಿಂದ ರಾಗಿ ಎತ್ತಿ ಈ ಶಾಲೆ ಕಟ್ಟಿದರು. ಅವರು ನನ್ನ ಹಾಗೆ 10ರ ದರ ಹಾಕಿದ್ದರೆ, ಇವತ್ತು ನಮಗೆ ಸಿಕ್ಕಿರುವ ಪ್ರತಿ 100 ರೂಪಾಯಿ ಅವರ ಕಣ್ಣಿಗೆ 85 ಪೈಸೆಯಾಗಿ ಕಾಣುತ್ತಿತ್ತು. ಅಷ್ಟಕ್ಕೆ ಯಾರು ಕಲ್ಲು ಹೊರುತ್ತಿದ್ದರು? ಅವರು ಆ ಲೆಕ್ಕ ಹಾಕಲಿಲ್ಲ. ಅದಕ್ಕೇ ನಾವು ಇಲ್ಲಿದ್ದೇವೆ.

ನನ್ನ ಕೆಲಸದಿಂದಲೂ ಒಂದು ಮಾತು. ಒಂದು ಕಡೆ ನಾವು ಹತ್ತು ವರ್ಷ ಹಳೆಯ ಒಂದು ಪ್ರೋಗ್ರಾಮನ್ನು ಕಸವೆಂದು ತೀರ್ಮಾನಿಸಿ ಮೊದಲಿಂದ ಬರೆಯಲು ಹೊರಟೆವು. ಹಳೆಯದರಲ್ಲಿ ವಿಚಿತ್ರವಾದ ಸಾಲುಗಳಿದ್ದವು, ಯಾಕಿವೆಯೆಂದು ಯಾರಿಗೂ ಗೊತ್ತಿರಲಿಲ್ಲ. ತೆಗೆದು ಹಾಕಿದೆವು. ಹೊಸದು ಚಾಲೂ ಆದ ಮೇಲೆ ಒಂದೊಂದೇ ತೊಂದರೆ ಬಂದಾಗ ತಿಳಿಯಿತು. ಆ ಒಂದೊಂದು ಸಾಲೂ ಹಿಂದೆ ಯಾರೋ ಬಿದ್ದು ಪೆಟ್ಟು ತಿಂದು ಕಲಿತ ಪಾಠ. ಆದರೆ ನಮ್ಮ ಬಳಿ ಹಳೆಯ ಪ್ರತಿ ಇತ್ತು, ಹಿಂದಕ್ಕೆ ಹೋದೆವು. ಕಟ್ಟಡಕ್ಕೆ ಹಳೆಯ ಪ್ರತಿ ಇರುವುದಿಲ್ಲ. ಉಳಿಸಿಕೊಂಡದ್ದನ್ನು ಹತ್ತು ವರ್ಷದ ಮೇಲೆ ಬೇಕಾದರೆ ಕೆಡವಬಹುದು. ಕೆಡವಿದ್ದನ್ನು ಮತ್ತೆ ತರಲಾಗದು. ಈ ಒಂದು ವ್ಯತ್ಯಾಸಕ್ಕೂ ಲೆಕ್ಕದಲ್ಲಿ ಜಾಗ ಕೊಡಬೇಕು.

ಹಾಗೆಂದು ಹಳೆಯದೆಲ್ಲ ಪೂಜ್ಯ ಎಂದು ನಾನು ಹೇಳುತ್ತಿಲ್ಲ. ಲ್ಯಾನ್ಸ್‌ಡೌನ್ ಕಟ್ಟಡದಲ್ಲಿ ಹೋದ ನಾಲ್ಕು ಜೀವಗಳಿಗೆ ಯಾವ ಪರಂಪರೆಯೂ ಸಮಾಧಾನವಲ್ಲ. ಹಳೆಯ ಕಟ್ಟಡ ಬೀಳುವುದಕ್ಕೆ ವಯಸ್ಸೊಂದೇ ಕಾರಣವಲ್ಲ. ಬಾಡಿಗೆ ಕಡಿಮೆ ಬಂದರೆ ರಿಪೇರಿಗೆ ಹಣ ಎತ್ತಿಡುವುದಿಲ್ಲ. ಗೋಡೆಯ ಬಿರುಕಿನಲ್ಲಿ ಅರಳಿ ಗಿಡ ಚಿಗುರಿದಾಗ ಕಿತ್ತರೆ ಒಬ್ಬ ಆಳಿನ ಅರ್ಧ ದಿನದ ಕೆಲಸ, ಬಿಟ್ಟರೆ ಅದು ಗೋಡೆಯನ್ನೇ ಸೀಳುತ್ತದೆ. ಮಳೆನೀರಿನ ಕೊಳವೆ ಕಟ್ಟಿಕೊಂಡರೆ ನೀರು ಗೋಡೆಗೆ ಇಳಿಯುತ್ತದೆ. ಸುಣ್ಣದ ಗಾರೆಯ ಗೋಡೆಗೆ ಮೇಲೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಆರದೆ ಗಾರೆ ಪುಡಿಯಾಗುತ್ತದೆ. ಪ್ರತಿ ವರ್ಷ ಸ್ವಲ್ಪ ಖರ್ಚು ಮಾಡದೆ ಉಳಿಸಿದ್ದು ಉಳಿತಾಯವಲ್ಲ, ಸಾಲ. ಅದನ್ನು ಒಂದು ದಿನ ಯಾರೋ ಬಡ್ಡಿ ಸಮೇತ ತೀರಿಸುತ್ತಾರೆ.

ಈಗ ನಮ್ಮ ಹೆಂಚಿನ ಕೊಠಡಿಗಳಿಗೆ ಬರೋಣ. ನಾನು ಗುಂಪಿನಲ್ಲಿ ಕಳಿಸಿದ ಹಾಳೆಯನ್ನು ಇವತ್ತು ಎಲ್ಲರ ಮುಂದೆ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಅದರ ಬದಲಿಗೆ ಸಮಿತಿಯವರಲ್ಲಿ ಮೂರು ಕೋರಿಕೆ. ಮೊದಲನೆಯದು, ಗೋಡೆ, ತೊಲೆ, ಪಕಾಸಿಗಳನ್ನು ತಿಳಿದ ಇಂಜಿನಿಯರ್ ಒಬ್ಬರಿಂದ ಪರೀಕ್ಷೆ ಮಾಡಿಸೋಣ. ಅಪಾಯ ಎಂದು ಅವರು ಬರೆದುಕೊಟ್ಟರೆ ಆ ಕ್ಷಣವೇ ಮಕ್ಕಳನ್ನು ಅಲ್ಲಿಂದ ಹೊರಗೆ ಕಳಿಸೋಣ, ಆಗ ಬೇರೆ ಮಾತಿಲ್ಲ. ಎರಡನೆಯದು, ಅಪಾಯವಿಲ್ಲದಿದ್ದರೆ ಎರಡೂ ದಾರಿಯ ಖರ್ಚನ್ನು ಮುಂದಿನ ಐವತ್ತು ವರ್ಷಕ್ಕೆ ಹಾಕೋಣ. ಆರ್‌ಸಿಸಿಗೂ ಸೋರಿಕೆ ಬರುತ್ತದೆ, ಅದಕ್ಕೂ ರಿಪೇರಿ ಬೇಕು. ಮೂರನೆಯದು, ಕೇಳಬೇಕಾದವರನ್ನೆಲ್ಲ ಕೇಳೋಣ. ಹಣ ಕೊಡುವ ನಮ್ಮನ್ನು ಮಾತ್ರವಲ್ಲ, ಅಲ್ಲಿ ಕುಳಿತು ಓದುವ ಮಕ್ಕಳನ್ನು, ಪಾಠ ಮಾಡುವ ಮೇಡಂಗಳನ್ನು, ದಿನಾ ಗುಡಿಸುವವರನ್ನು ಕೂಡ. ಬೇಸಗೆಯಲ್ಲಿ ಯಾವ ಕೊಠಡಿ ತಂಪು, ಮಳೆಯಲ್ಲಿ ಎಲ್ಲಿ ಪಾಠ ಕೇಳಿಸುವುದಿಲ್ಲ ಎಂದು ನನ್ನ ಹಾಳೆಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಇಷ್ಟು ಮಾಡಿದ ಮೇಲೂ ಕೆಡವಬೇಕೆಂದು ತೀರ್ಮಾನವಾದರೆ ನಾನು ಒಪ್ಪುತ್ತೇನೆ, ನನ್ನ ಪಾಲಿನ ಹಣ ಹೊಸ ಕಟ್ಟಡಕ್ಕೆ ಹೋಗಲಿ. ಉಳಿಸುವುದೆಂದು ತೀರ್ಮಾನವಾದರೆ ಅದೇ ಹಣದಲ್ಲಿ ಒಂದು ಭಾಗವನ್ನು ಬ್ಯಾಂಕಿನಲ್ಲಿಟ್ಟು, ಬರುವ ಬಡ್ಡಿಯಿಂದ ಪ್ರತಿ ಮಳೆಗಾಲದ ಮೊದಲು ಹೆಂಚು ಕೈಯಾಡಿಸುವ ಏರ್ಪಾಡಾಗಲಿ. ಉಳಿಸುತ್ತೇವೆ ಎಂದು ಹೇಳಿ ಮರೆಯುವುದು ಮಾತ್ರ ಬೇಡ.

ನಲವತ್ತು ನಿಮಿಷದ ತರಗತಿಯಲ್ಲಿ ಕಲಿಸಿದ್ದು ಸಾಲದೆಂದು, ನಿವೃತ್ತಿಯಾದ ಮೇಲೂ ಫೋನ್ ಮಾಡಿ ನನ್ನ ಲೆಕ್ಕ ತಿದ್ದಿದ ಮೇಷ್ಟ್ರು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ. ಸಾರ್, ಆ ಸೊನ್ನೆಯನ್ನು ಅಳಿಸಿದ್ದೇನೆ. ಅಲ್ಲಿ ಏನು ಬರೆಯಬೇಕೆಂದು ಊರವರೆಲ್ಲ ಸೇರಿ ಹೇಳಲಿ.