ಬಚ್ಚಲ ಹಿಂದಿನ ಸುರುಳಿ ಸುಗಂಧಿ, ಅಂಧೇರಿಯ ಬಾಲ್ಕನಿಯಲ್ಲಿ

ಇವತ್ತು ಕೋಡ್ ಬಗ್ಗೆ ಅಲ್ಲ, ಒಂದು ಗಡ್ಡೆ ಬಗ್ಗೆ ಮಾತಾಡ್ತೀನಿ.

ನಮ್ಮ ಸಾಗರದ ಕಡೆ ಬಚ್ಚಲು ನೀರು ಹರಿಯೋ ಜಾಗದಲ್ಲಿ ಸುರುಳಿ ಸುಗಂಧಿ ಬೆಳೆಸ್ತಾರೆ. ಶುಂಠಿ ಕುಟುಂಬದ್ದು, ಬಿಳಿ ಹೂ, ಸಂಜೆಯಾದ್ರೆ ಘಮ ಜಾಸ್ತಿ. ಪೂರ್ವ ಹಿಮಾಲಯದ ಸೀಮೆಯ ಈ ಗಿಡ ಇವತ್ತು ಕ್ಯೂಬಾದ ರಾಷ್ಟ್ರೀಯ ಹೂ. ಮರಾಠಿಯಲ್ಲಿ ಇದು ಸೋನಟಕ್ಕಾ.

ಅಂಧೇರಿಗೆ ಬಂದ ವರ್ಷ ಅಮ್ಮ ಒಂದು ಗಡ್ಡೆ ಕಟ್ಟಿಕೊಟ್ರು. ನಾನು ಅದನ್ನ ತೂತಿಲ್ಲದ ಬಕೆಟ್‌ನಲ್ಲಿ, ಅರ್ಧ ಅಡಿ ಆಳದಲ್ಲಿ ಹೂತೆ. ಜುಲೈ ಮಳೆಗೆ ಕೊಳೆತುಹೋಯ್ತು. ನೀರು ಇಷ್ಟಪಡೋ ಗಿಡ ಅಂದ್ರೆ ಮುಳುಗಿಸಿಡೋದು ಅಂತಲ್ಲ!

ಎರಡನೇ ಸಲ ಪಕ್ಕದ ಮನೆ ಆಜಿ ಹೇಳಿಕೊಟ್ಟ ಹಾಗೆ ಮಾಡಿದೆ. ಅಗಲವಾದ ಕುಂಡ, ತಳದಲ್ಲಿ ತೂತು, ಮಣ್ಣಿಗೆ ಧಾರಾಳ ಗೊಬ್ಬರ. ಗಡ್ಡೆಯ ಕಣ್ಣು ಮೇಲೆ, ಅದರ ಮೇಲೆ 2 ಇಂಚು ಮಣ್ಣು ಸಾಕು. ಬೆಳಗಿನ ಬಿಸಿಲು, ಮಧ್ಯಾಹ್ನ ನೆರಳು. ಬೇಸಿಗೆಯಲ್ಲಿ ಮಣ್ಣು ಒಣಗಬಾರದು. ಒಂದು ದಂಟು ಹೂ ಬಿಡೋದು ಒಂದೇ ಸಲ. ಹೂ ಮುಗಿದ ದಂಟನ್ನ ಬುಡದಲ್ಲೇ ಕತ್ತರಿಸಿ, ಹೊಸದಕ್ಕೆ ಜಾಗ ಸಿಗುತ್ತೆ. ಗಣೇಶ ಹಬ್ಬದ ಹೊತ್ತಿಗೆ ಮೊದಲ ಹೂ ಬಂತು. ಮೊದಲನೇದು ಆಜಿ ಮನೆ ಗಣಪತಿಗೆ.

ನ್ಯೂಜೆರ್ಸಿ, ಟೊರೊಂಟೊದಲ್ಲಿ ಇರೋರೇ, ಹಿಮ ಬೀಳೋ ಮುಂಚೆ ಕುಂಡ ಒಳಗಿಡಿ. ಹೆಪ್ಪುಗಟ್ಟಿದ ಮಣ್ಣಿನಲ್ಲಿ ಗಡ್ಡೆ ಉಳಿಯಲ್ಲ. ಬೆಚ್ಚಗಿನ, ಒದ್ದೆ ಪ್ರದೇಶದಲ್ಲಿರೋರು ಮಾತ್ರ ಇದನ್ನ ಹಳ್ಳದ ದಂಡೆಗೆ ಬಿಡಬೇಡಿ. ಹವಾಯಿಯಲ್ಲಿ, ಬ್ರೆಜಿಲ್‌ನಲ್ಲಿ ಇದೇ ಗಿಡ ಕಳೆಯಾಗಿ ಹಬ್ಬಿದೆ.

ಹೋದ ವರ್ಷ ಊರಲ್ಲಿ ಕಾಂಪೌಂಡ್ ಕಟ್ಟುವಾಗ ಬಚ್ಚಲ ಹಿಂದಿನ ಹಿಂಡು ಪೂರ್ತಿ ಹೋಯ್ತು. ಅಮ್ಮ ಫೋನಲ್ಲಿ, "ಹೋಗ್ಲಿ ಬಿಡು, ಅಜ್ಜಿ ನೆಟ್ಟಿದ್ದು" ಅಂದ್ರು. "ಹೋಗ್ಲಿ ಬಿಡು" ಅಂತ ಅಮ್ಮ ಅಂದ್ರೆ ಅರ್ಥ ಏನು ಅಂತ ನಿಮಗೆಲ್ಲ ಗೊತ್ತು.

ಮೇ ತಿಂಗಳಲ್ಲಿ ಕುಂಡ ಬಗ್ಗಿಸಿ ಗಡ್ಡೆ ಬಿಡಿಸಿದೆ. ಒಂದೊಂದರಲ್ಲೂ ಒಂದೆರಡು ಕಣ್ಣು ಇರೋ ಹಾಗೆ ಮುರಿದು, ಒದ್ದೆ ಪೇಪರ್‌ನಲ್ಲಿ ಸುತ್ತಿ, ಊರಿಗೆ ತಗೊಂಡು ಹೋದೆ. ಅಮ್ಮ ಏನೂ ಹೇಳಲಿಲ್ಲ. ಗುದ್ದಲಿ ತಂದ್ರು.

ಬ್ಯಾಕಪ್ ಅಂತ ದಿನಾ ಹೇಳೋ ನಾವು ಇದನ್ನೂ ಕಲೀಬೇಕು. ಗಡ್ಡೆ ಉಳಿಯೋದು ಹಂಚಿದಾಗ. ಈ ಸಲ ಊರಿಗೆ ಹೋದಾಗ ಒಂದು ಕೇಳಿ ತನ್ನಿ, ಬೆಳೆದ ಮೇಲೆ ಒಂದು ಕೊಡಿ. ಸಿಗೋಣ.